ತಿರುಚಿನಾಪಳ್ಳಿ ಚುಟ್ಟಾ: ರುಚಿ ನೋಡಿದವರು, ಬೆಲೆ ಕಟ್ಟಿದವರು



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾಡಿನ ಕೋರಿಕೆಗಳೇ. ನಡುನಡುವೆ ಒಂದೊಂದು ಪತ್ರ ಮಾತ್ರ ನಮ್ಮನ್ನು ಪುಸ್ತಕದ ಕಪಾಟಿನ ಕಡೆಗೆ ಓಡಿಸುತ್ತದೆ. ಇತ್ತೀಚೆಗೆ ಹಿರಿಯ ಕೇಳುಗರೊಬ್ಬರು ಬರೆದಿದ್ದರು. ಪರದೇಶದಲ್ಲಿರುವ ಅಳಿಯ ಅವರಿಗೆ ಒಂದು ಪೆಟ್ಟಿಗೆ ಸಿಗಾರ್ ತಂದುಕೊಟ್ಟಿದ್ದಾರೆ. ಮುಚ್ಚಳದ ಮೇಲೆ ‘ಲಿಮಿಟೆಡ್ ಎಡಿಷನ್’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿದೆ. ‘ಇದು ಒಳ್ಳೆಯ ಮಾಲೋ ಅಲ್ಲವೋ ಎಂದು ತಿಳಿಯುವುದು ಹೇಗೆ? ರುಚಿ ನೋಡುವುದಕ್ಕೆ ಏನಾದರೂ ಶಾಸ್ತ್ರ ಇದೆಯೇ?’ ಎಂಬುದು ಅವರ ಪ್ರಶ್ನೆ.

ಶಾಸ್ತ್ರವೇನೋ ಇದೆ, ಅದನ್ನು ಮುಂದೆ ಹೇಳುತ್ತೇನೆ. ‘ಲಿಮಿಟೆಡ್ ಎಡಿಷನ್’ ಎಂಬ ಈ ಮಾತು ಮಾತ್ರ ತೀರ ಹೊಸದು. ಕ್ಯೂಬಾ ದೇಶದ ಹಬಾನೋಸ್ ಕಂಪೆನಿ 2000ದಲ್ಲಿ ಇದನ್ನು ಶುರುಮಾಡಿತು. ಪ್ರತಿವರ್ಷ ಕೆಲವೇ ಬಗೆಯ ಸಿಗಾರ್‌ಗಳನ್ನು ಬೇರೆ ಅಳತೆಯಲ್ಲಿ ಸುತ್ತಿಸಿ, ಕನಿಷ್ಠ ಎರಡು ವರ್ಷ ಹಳೆಯದಾದ ಹೊದಿಕೆ ಎಲೆ ಬಳಸಿ, ಪ್ರತ್ಯೇಕ ಪಟ್ಟಿ ಅಂಟಿಸಿ ಮಾರುವ ಪದ್ಧತಿ ಅದು. 2007ರಿಂದ ಹೊದಿಕೆಯ ಜೊತೆಗೆ ಒಳಗಿನ ಎಲೆಗಳೂ ಎರಡು ವರ್ಷ ಹಳೆಯದಾಗಿರಬೇಕು ಎಂಬ ನಿಯಮ ಬಂತು.

ಆದರೆ ಚೆನ್ನೈಯಲ್ಲಿ ಕೂತು ಸಿಗಾರಿನ ವಿಷಯ ಕೇಳಬೇಕಾದರೆ ಕ್ಯೂಬಾದ ತನಕ ಹೋಗುವ ಅಗತ್ಯವಿಲ್ಲ. ಒಂದು ಕಾಲದಲ್ಲಿ ಲಂಡನ್ನಿನ ದೊಡ್ಡಮನುಷ್ಯರು ಬಾಯಲ್ಲಿಟ್ಟುಕೊಂಡು ಹೊಗಳುತ್ತಿದ್ದ ಮಾಲು ಎಗ್ಮೋರಿನಿಂದ ಒಂದು ರಾತ್ರಿಯ ರೈಲಿನಷ್ಟು ದೂರದಲ್ಲಿ ತಯಾರಾಗುತ್ತಿತ್ತು. ಅದೇ ತಿರುಚಿನಾಪಳ್ಳಿ ಚುಟ್ಟಾ. ಅದರ ಕಥೆ ಹೇಳಹೊರಟರೆ ನಮ್ಮ ಬಿಜಾಪುರ, ಬೆಂಗಳೂರು, ಮಂಗಳೂರು, ನಿಪ್ಪಾಣಿಗಳೂ ಒಂದೊಂದಾಗಿ ಬಂದು ಕೂರುತ್ತವೆ. ಈ ಸಲದ ಲೇಖನ ಅದರದ್ದೇ.

ಸುರುಟಿದ್ದೇ ಚೆರೂಟ್

ಮೊದಲು ಸ್ವಲ್ಪ ಮಾತಿನ ವಿಚಾರ. ಇಂಗ್ಲಿಷಿನಲ್ಲಿ ‘ಚೆರೂಟ್’ ಎಂಬ ಪದವಿದೆ. ಎರಡೂ ತುದಿ ಕತ್ತರಿಸಿದ, ಒಂದೇ ಗಾತ್ರದ ಸಿಗಾರಿಗೆ ಆ ಹೆಸರು. ಇದು ತಮಿಳಿನ ‘ಸುರುಟ್ಟು’. ಸುರುಟ್ಟು ಎಂದರೆ ಸುತ್ತು, ಸುರುಳಿ ಮಾಡು. ಬಿಸಿಲಿಗೆ ಎಲೆ ಸುರುಟಿಕೊಂಡಿತು ಎಂದು ನಾವು ಹೇಳುತ್ತೇವಲ್ಲ, ಆ ‘ಸುರುಟು’ ಇದರ ಒಡಹುಟ್ಟು. ನಮ್ಮ ‘ಸುರುಳಿ’ಯೂ ಅದೇ ಮನೆತನದ್ದು. ತೆಲುಗಿನವರು ‘ಚುಟ್ಟು’ ಎಂಬ ತಮ್ಮ ಧಾತುವಿನಿಂದ ‘ಚುಟ್ಟ’ ಮಾಡಿಕೊಂಡರು. ನಾವು ಅದನ್ನು ‘ಚುಟ್ಟಾ’ ಎಂದು ಎಳೆದು ಹೇಳುತ್ತೇವೆ. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿ ಚೆರೂಟಿಗೆ ಪ್ರತ್ಯೇಕ ಉಲ್ಲೇಖವಿದೆ. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಬರ್ನೆಲ್ ಸಾಹೇಬರು ಮದರಾಸು ಪ್ರಾಂತ್ಯದ ಸಿವಿಲ್ ಅಧಿಕಾರಿ. ತಂಜಾವೂರಿನಲ್ಲೂ ನಮ್ಮ ಮಂಗಳೂರಿನಲ್ಲೂ ನ್ಯಾಯಾಧೀಶರಾಗಿದ್ದವರು.

ತಂಬಾಕಿಗೆ ನಮ್ಮ ಭಾಷೆಗಳು ಇಟ್ಟ ಹೆಸರೂ ಸ್ವಾರಸ್ಯವಾಗಿದೆ. ತಮಿಳಿನಲ್ಲಿ ಪುಗೈಯಿಲೈ, ಮಲಯಾಳದಲ್ಲಿ ಪುಗಯಿಲ, ತೆಲುಗಿನಲ್ಲಿ ಪೊಗಾಕು, ಕನ್ನಡದಲ್ಲಿ ಹೊಗೆಸೊಪ್ಪು. ನಾಲ್ಕೂ ಕಡೆ ‘ಹೊಗೆಯ ಎಲೆ’ ಎಂದೇ ಅರ್ಥ. ಈ ಗಿಡ ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿಯುವ ಹೊತ್ತಿಗೆ ನಮ್ಮ ನಾಲ್ಕು ಭಾಷೆಗಳು ಬೇರೆ ಬೇರೆ ಮನೆ ಹೂಡಿ ಶತಮಾನಗಳೇ ಕಳೆದಿದ್ದವು. ಹಾಗಿದ್ದೂ ಎಲ್ಲರಿಗೂ ಒಂದೇ ಬಗೆಯ ಹೆಸರು ಹೊಳೆಯಿತು. ಒಂದು ವ್ಯತ್ಯಾಸವುಂಟು. ಉಳಿದ ಮೂವರೂ ‘ಎಲೆ’ ಎಂದರೆ ಕನ್ನಡಿಗರು ಮಾತ್ರ ‘ಸೊಪ್ಪು’ ಎಂದರು. ಕೀರೆಸೊಪ್ಪು, ಮೆಂತ್ಯಸೊಪ್ಪಿನ ಸಾಲಿನಲ್ಲೇ ಅದನ್ನೂ ಕೂರಿಸಿಬಿಟ್ಟರು!

ಬಿಜಾಪುರದಿಂದ ಹೋದ ತಟ್ಟೆ

ಭಾರತದಲ್ಲಿ ತಂಬಾಕಿನ ರುಚಿ ನೋಡಿ ತೀರ್ಪು ಕೊಟ್ಟ ಪ್ರಸಂಗಗಳಲ್ಲಿ ತುಂಬ ಹೆಸರಾದದ್ದು ಅಕ್ಬರನ ದರಬಾರಿನದು. ಅಲ್ಲಿಗೆ ಆ ತಂಬಾಕು ಹೋದದ್ದು ಕನ್ನಡ ನೆಲದಿಂದ, ಇಂದಿನ ವಿಜಯಪುರದಿಂದ.

1604ರ ಸುಮಾರಿನ ಮಾತು. ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನಕ್ಕೆ ಅಕ್ಬರನ ದೂತನಾಗಿ ಹೋಗಿದ್ದ ಅಸದ್ ಬೇಗ್ ಎಂಬವನು ಬಿಜಾಪುರದಲ್ಲಿ ತಂಬಾಕನ್ನು ಕಂಡ. ಅಲ್ಲಿಯತನಕ ಅಂಥ ಪದಾರ್ಥವನ್ನು ತಾನು ನೋಡಿರಲಿಲ್ಲ ಎಂದು ಅವನೇ ಬರೆದಿಟ್ಟಿದ್ದಾನೆ. ಸರಿ, ಒಂದಷ್ಟು ಕೊಂಡ. ಮೂರು ಮೊಳದ ಕೊಳವೆಗೆ ಎರಡೂ ತುದಿಯಲ್ಲಿ ರತ್ನ ಕೂರಿಸಿ ಎನಾಮೆಲ್ ಮಾಡಿಸಿದ. ಬಾಯಿಗಿಡುವ ತುದಿಗೆ ಯೆಮನ್ ದೇಶದ ಕೆಂಪು ಕಲ್ಲು ಹಾಕಿಸಿದ. ಕೆಂಡಕ್ಕೆ ಚಿನ್ನದ ಬಟ್ಟಲು. ಆದಿಲ್ ಶಾಹ ಉಡುಗೊರೆ ಕೊಟ್ಟಿದ್ದ ಕುಸುರಿ ಕೆಲಸದ ಎಲೆಅಡಿಕೆ ಚೀಲದ ತುಂಬ ತಂಬಾಕು. ಇದೆಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಆಗ್ರಾದಲ್ಲಿ ಬಾದಶಹನ ಮುಂದಿಟ್ಟ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಪ್ಯಾಕಿಂಗ್ ಭರ್ಜರಿಯಾಗಿತ್ತು.

ಅಕ್ಬರ ಕುತೂಹಲದಿಂದ ಬಾಯಿಗಿಟ್ಟು ಎಳೆಯತೊಡಗಿದ. ಅರಮನೆಯ ಹಕೀಮ ಗಾಬರಿಯಿಂದ ಮುಂದೆ ಬಂದು ಬೇಡವೆಂದ. ತಂದವನ ಮನಸ್ಸು ನೋಯಬಾರದೆಂದು ಬಾದಶಹ ಎರಡು ಮೂರು ಸಲ ಎಳೆದು ನಿಲ್ಲಿಸಿ, ಪಕ್ಕದಲ್ಲಿದ್ದ ಖಾನ್-ಎ-ಆಜಮನಿಗೆ ಕೊಟ್ಟ. ಅವನೂ ಎಳೆದು ನೋಡಿದ. ಆಮೇಲೆ ವಾದ ಶುರುವಾಯಿತು. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಹೆಸರಿಲ್ಲ, ಪರೀಕ್ಷೆ ಆಗದ ವಸ್ತುವನ್ನು ಪ್ರಭುಗಳಿಗೆ ಹೇಗೆ ಕೊಡುವುದು ಎಂದು ಹಕೀಮನ ವಾದ. ಯುರೋಪಿನವರು ಬಳಸುತ್ತಾರೆ, ಅವರಲ್ಲೂ ಬುದ್ಧಿವಂತರಿಲ್ಲವೆ ಎಂದು ಅಸದ್ ಬೇಗನ ವಾದ. ಪುಸ್ತಕದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಲೋಕ ಒಪ್ಪಿದ್ದನ್ನು ತಳ್ಳಿಹಾಕಬಾರದು ಎಂಬ ಅಭಿಪ್ರಾಯಕ್ಕೆ ಬಾದಶಹನೂ ಬಂದ. ಆದರೆ ತಾನು ಮಾತ್ರ ಚಟ ಹಚ್ಚಿಕೊಳ್ಳಲಿಲ್ಲ. ಅಸದ್ ಬೇಗ್ ಉಳಿದ ತಂಬಾಕನ್ನು ಅಮೀರರಿಗೆ ಹಂಚಿದ. ಎಲ್ಲರೂ ಹೇಳಿಕಳಿಸಿ ಕೇಳತೊಡಗಿದರು. ವ್ಯಾಪಾರಿಗಳು ಮಾರತೊಡಗಿದರು. ಅಲ್ಲಿಗೆ ಹಬ್ಬಿತು.

ಗಮನಿಸಿ ಓದುಗರೇ, ಆ ಸಭೆಯಲ್ಲಿ ಮೂವರು ತೀರ್ಪುಗಾರರಿದ್ದರು. ಒಂದು ನಾಲಿಗೆ, ಇನ್ನೊಂದು ವೈದ್ಯ, ಮೂರನೆಯದು ಮಾರುಕಟ್ಟೆ. ವೈದ್ಯ ಸೋತ, ಮಾರುಕಟ್ಟೆ ಗೆದ್ದಿತು. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ತಂಬಾಕನ್ನು ಬೈದು ಒಂದು ಪುಸ್ತಿಕೆಯನ್ನೇ ಬರೆದ. 1617ರಲ್ಲಿ ಅಕ್ಬರನ ಮಗ ಜಹಾಂಗೀರ್ ಧೂಮಪಾನ ಕೂಡದೆಂದು ಆಜ್ಞೆ ಹೊರಡಿಸಿದ. ಯಾರ ಮಾತೂ ನಡೆಯಲಿಲ್ಲ. ಆ ಸಭೆಯಲ್ಲಿ ಇಲ್ಲದೇ ಇದ್ದವನೊಬ್ಬನಿದ್ದಾನೆ. ಬಿಜಾಪುರದ ಆ ಸೊಪ್ಪು ಬೆಳೆದವನು, ಒಣಗಿಸಿದವನು. ಅವನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾನೆ.

ಎಲೆ ದಿಂಡಿಗಲ್ಲಿನದು, ಹೆಸರು ತಿರುಚಿಯದು

ಮುಂದಿನ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಹೊಗೆಸೊಪ್ಪು ದಕ್ಷಿಣದ ಹೊಲಗಳಿಗೆ ಇಳಿಯಿತು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಮದರಾಸು ಪ್ರಾಂತ್ಯದ ಹೆಸರುವಾಸಿ ರಫ್ತುಗಳಲ್ಲಿ ಚುಟ್ಟಾ ಒಂದಾಯಿತು. ಇಂಗ್ಲಿಷರು ಪ್ರೀತಿಯಿಂದ ‘ಟ್ರಿಚೀಸ್’ ಎಂದು ಕರೆಯುತ್ತಿದ್ದರು. ಹೆಸರು ತಿರುಚಿಯದಾದರೂ ಸೊಪ್ಪು ಬಹುಪಾಲು ದಿಂಡಿಗಲ್ ಸುತ್ತಮುತ್ತಿನದು. ತಿರುಚಿಯ ಉರೈಯೂರಿನಲ್ಲಿ ಕುಳಿತವರು ಅದನ್ನು ಸುತ್ತುತ್ತಿದ್ದರು. ಪ್ರಾಚೀನ ಚೋಳರ ರಾಜಧಾನಿಯಾಗಿದ್ದ ಉರೈಯೂರಿಗೆ ಹತ್ತಿಬಟ್ಟೆಯ ಜೊತೆಗೆ ಇದೂ ಒಂದು ಹೆಸರು ತಂದಿತು.

ಮದರಾಸಿನಲ್ಲಿ ಚುಟ್ಟಾ ಎಂದರೆ ಸ್ಪೆನ್ಸರ್ಸ್. 1860ರ ದಶಕದಲ್ಲಿ ಸಣ್ಣ ಅಂಗಡಿಯಾಗಿ ಶುರುವಾದ ಸ್ಪೆನ್ಸರ್ ಕಂಪೆನಿ ಯೂಜಿನ್ ಓಕ್‌ಷಾಟ್ ಎಂಬ ಚತುರ ವ್ಯಾಪಾರಿಯ ಕೈಗೆ ಬಂದ ಮೇಲೆ ಮೌಂಟ್ ರೋಡಿನ ದೊಡ್ಡ ಮಳಿಗೆಯಾಗಿ ಬೆಳೆಯಿತು. ದಿಂಡಿಗಲ್ಲಿನಲ್ಲಿ ಅದಕ್ಕೆ ಸ್ವಂತ ಚುಟ್ಟಾ ಕಾರ್ಖಾನೆ ಇತ್ತು. ಮರದ ಪೆಟ್ಟಿಗೆಗಳಲ್ಲಿ ತುಂಬಿದ ಚುಟ್ಟಾ ಅಲ್ಲಿಂದ ಮದರಾಸಿಗೂ ಬೆಂಗಳೂರಿನ ದಂಡಿಗೂ ಹಡಗು ಹತ್ತಿ ಇಂಗ್ಲೆಂಡಿಗೂ ಹೋಗುತ್ತಿತ್ತು. ಹಳೆಯ ಸ್ಪೆನ್ಸರ್ ಕಟ್ಟಡ 1980ರ ದಶಕದಲ್ಲಿ ಬೆಂಕಿಗೆ ಸಿಕ್ಕಿ ನಾಶವಾಯಿತು. ಅದೇ ಜಾಗದಲ್ಲಿ ಎದ್ದದ್ದು ಸ್ಪೆನ್ಸರ್ ಪ್ಲಾಜಾ.

ಇನ್ನು ತಯಾರಿಯ ರೀತಿ. ಕೊಯ್ದ ಎಲೆಯನ್ನು ಒಣಗಿಸಿ, ಕಟ್ಟು ಕಟ್ಟಿ, ರಾಶಿ ಹಾಕುತ್ತಾರೆ. ರಾಶಿಯೊಳಗೆ ತಾನಾಗಿಯೇ ಕಾವು ಏರುತ್ತದೆ. ದೋಸೆಹಿಟ್ಟು ಹುದುಗುವ ಹಾಗೆ ಇದೂ ಒಂದು ಹುದುಗುವಿಕೆಯೇ. ಕಾವು ಮಿತಿಮೀರದಂತೆ ರಾಶಿಯನ್ನು ಒಡೆದು, ಒಳಗಿನದ್ದನ್ನು ಹೊರಕ್ಕೆ, ಹೊರಗಿನದ್ದನ್ನು ಒಳಕ್ಕೆ ತಿರುವಿ ಹಾಕಬೇಕು. ಕಣ್ಣು ಸುಡುವಂಥ ಅಮೋನಿಯಾ ಆಗ ಹೊರಟುಹೋಗಿ ಎಲೆಗೆ ಕಂದು ಬಣ್ಣವೂ ವಾಸನೆಯೂ ಕೂಡಿಬರುತ್ತದೆ. ಬಳಿಕ ಎಲೆಯ ನಡುನರವನ್ನು ಸೀಳಿ ತೆಗೆಯುತ್ತಾರೆ. ಒಳಗೆ ತುಂಬುವ ಎಲೆ ಒಂದು, ಅದನ್ನು ಬಿಗಿಯುವ ಎಲೆ ಇನ್ನೊಂದು, ಎಲ್ಲದರ ಮೇಲೆ ನಯವಾದ ಹೊದಿಕೆಯ ಎಲೆ. ಮರದ ಹಲಗೆಯ ಮೇಲೆ ಅಂಗೈಯಿಂದ ಉರುಳಿಸಿ, ಅಳತೆಗೆ ತುದಿ ಕತ್ತರಿಸಿದರೆ ಚುಟ್ಟಾ ತಯಾರು. ಕೇಳುವುದಕ್ಕೆ ಸುಲಭ. ಬಿಗಿ ಹೆಚ್ಚಾದರೆ ಹೊಗೆ ಬಾರದು, ಸಡಿಲವಾದರೆ ಬೆಂಕಿ ಓಡುತ್ತದೆ. ಆ ಹದ ತಕ್ಕಡಿಯಲ್ಲಿ ಸಿಗುವುದಿಲ್ಲ, ಬೆರಳಿನಲ್ಲೇ ಇರಬೇಕು.

ಷರ್ಲಾಕ್ ಹೋಮ್ಸ್ ನೋಡಿದ ಬೂದಿ

ಈ ಚುಟ್ಟಾದ ಬಗ್ಗೆ ಜಗತ್ತಿನಲ್ಲೇ ಹೆಚ್ಚು ಓದಿಸಿಕೊಂಡ ತೀರ್ಪು ಕೊಟ್ಟವನು ಒಬ್ಬ ಕಾಲ್ಪನಿಕ ಪತ್ತೇದಾರ! ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಪ್ರಕಟಿಸಿದ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನಲ್ಲಿ ಲಂಡನ್ನಿನ ಪಾಳುಮನೆಯೊಂದರಲ್ಲಿ ಕೊಲೆಯಾಗಿರುತ್ತದೆ. ಪೊಲೀಸರು ತಲೆ ಕೆರೆದುಕೊಳ್ಳುತ್ತಿರುವಾಗ ಹೋಮ್ಸ್ ನೆಲದ ಮೇಲಿನ ಒಂದು ಚಿಟಿಕೆ ಬೂದಿಯನ್ನು ಎತ್ತಿ ಲಕೋಟೆಗೆ ಹಾಕಿಕೊಳ್ಳುತ್ತಾನೆ. ಕಪ್ಪಾಗಿ, ಪದರು ಪದರಾಗಿರುವ ಆ ಬೂದಿ ತಿರುಚಿನಾಪಳ್ಳಿ ಚುಟ್ಟಾದ್ದೇ ಎಂದು ತೀರ್ಮಾನಿಸುತ್ತಾನೆ. ಮುಂದೆ ‘ದ ಸೈನ್ ಆಫ್ ಫೋರ್’ನಲ್ಲಿ 140 ಬಗೆಯ ತಂಬಾಕಿನ ಬೂದಿಯ ವ್ಯತ್ಯಾಸ ಕುರಿತು ತಾನೊಂದು ಪ್ರಬಂಧವನ್ನೇ ಬರೆದಿರುವುದಾಗಿ ಹೇಳಿಕೊಳ್ಳುತ್ತಾನೆ. ಅಲ್ಲಿಯೂ ಕಪ್ಪು ಬೂದಿಯ ಉದಾಹರಣೆಗೆ ಬರುವುದು ತಿರುಚಿನಾಪಳ್ಳಿಯೇ.

ಕೊಲೆಗಾರ ಇಂಡಿಯಾದವನಲ್ಲ, ಅಮೆರಿಕದವನು ಎಂಬುದನ್ನು ಗಮನಿಸಬೇಕು. ಅಂದರೆ ಆ ಹೊತ್ತಿಗೆ ತಿರುಚಿಯ ಚುಟ್ಟಾ ಲಂಡನ್ನಿನಲ್ಲಿ ಯಾರ ಬಾಯಲ್ಲಿದ್ದರೂ ಓದುಗರಿಗೆ ಆಶ್ಚರ್ಯವಾಗುತ್ತಿರಲಿಲ್ಲ. ನಮ್ಮ ಪಕ್ಕದ ಊರಿನ ಹೆಸರು ಒಂದು ಕೊಲೆಯ ಸುಳಿವಿನ ರೂಪದಲ್ಲಿ ಲೋಕವೆಲ್ಲ ಸುತ್ತಿತು.

ಬೆಂಗಳೂರಿನ 13 ರೂಪಾಯಿ

ಸಿಗಾರ್ ಎಂದೊಡನೆ ಕಣ್ಣ ಮುಂದೆ ಬರುವ ಮುಖ ವಿನ್‌ಸ್ಟನ್ ಚರ್ಚಿಲರದು. 1895ರಲ್ಲಿ ಕ್ಯೂಬಾಕ್ಕೆ ಹೋಗಿದ್ದ ಈ ಯುವಕ ಮರುವರ್ಷ ತನ್ನ ಕುದುರೆ ದಳದ ಜೊತೆ ಬೆಂಗಳೂರಿನ ದಂಡಿಗೆ ಬಂದಿಳಿದ. ಪೋಲೊ ಆಡಿದ, ಬಂಗಲೆಯ ತೋಟದಲ್ಲಿ ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ, ಮಧ್ಯಾಹ್ನದ ಬಿಸಿಲಿನಲ್ಲಿ ಗಿಬ್ಬನ್ನನ ರೋಮ್ ಇತಿಹಾಸ ಓದಿದ. 1899ರಲ್ಲಿ ಊರು ಬಿಟ್ಟ. ಇಂದಿನ ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಬಾಕಿ ಉಳಿಸಿಕೊಂಡವರ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿದೆ. ಬಾಕಿ 13 ರೂಪಾಯಿ. ಅದನ್ನು ತೀರಿಸಲೇ ಇಲ್ಲ!

ಚರ್ಚಿಲರಿಗೆ ತಿರುಚಿನಾಪಳ್ಳಿ ಚುಟ್ಟಾ ಇಷ್ಟವಾಗಿತ್ತು, ಇಲ್ಲಿಂದ ಅವರಿಗೆ ಹೋಗುತ್ತಿತ್ತು ಎಂದು ಉರೈಯೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಇರಲಿ. ನಮ್ಮ ಕಥೆಗೆ ಮುಖ್ಯವಾದದ್ದು ಬೇರೆ. ಸೇದಿದವರ ಹೆಸರು, ಬಿಲ್ಲು, ಬಾಕಿ ಎಲ್ಲವೂ ಲೆಕ್ಕಕ್ಕೆ ಸಿಗುತ್ತದೆ. ಸುತ್ತಿದವರ ಒಂದು ಹೆಸರೂ ಸಿಗುವುದಿಲ್ಲ.

ಐದು ಪರೀಕ್ಷೆಗಳು

ಈಗ ನಮ್ಮ ಕೇಳುಗರ ಪ್ರಶ್ನೆಗೆ ಬರೋಣ. ಪರಿಣತರು ಸಿಗಾರನ್ನು ಪರೀಕ್ಷಿಸುವುದು ಹೀಗೆ.

ಮೊದಲನೆಯದು ಕಣ್ಣು. ಹೊದಿಕೆಯ ಎಲೆ ಒಂದೇ ಬಣ್ಣವಾಗಿರಬೇಕು, ನರಗಳು ಉಬ್ಬಿರಬಾರದು, ಸೀಳಿರಬಾರದು. ಒಳ್ಳೆಯ ಹೊದಿಕೆ ಎಲ್ಲ ನೆಲದಲ್ಲೂ ಬೆಳೆಯುವುದಿಲ್ಲ. ಉತ್ತರ ಬಂಗಾಳದ ಕೂಚ್ ಬೆಹಾರ್ ಕಡೆಯ ‘ಜಾತಿ’ ತಂಬಾಕು ಅದಕ್ಕೆ ಹೆಸರಾದದ್ದು. ಸ್ವಾತಂತ್ರ್ಯದ ಹೊತ್ತಿಗೆ ದಿಂಡಿಗಲ್ ಬಳಿಯ ವೇಡಸಂದೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರ ತೆರೆದದ್ದೂ ಚುಟ್ಟಾದ ಎಲೆಯನ್ನು ಸುಧಾರಿಸಲೆಂದೇ.

ಎರಡನೆಯದು ಬೆರಳು. ಉದ್ದಕ್ಕೂ ಮೆಲ್ಲಗೆ ಒತ್ತಿ ನೋಡಬೇಕು. ಎಲ್ಲೋ ಗಂಟು ಸಿಕ್ಕಿದರೆ ಹೊಗೆ ಅಲ್ಲಿ ತಡೆಯುತ್ತದೆ. ಎಲ್ಲೋ ಟೊಳ್ಳಾಗಿದ್ದರೆ ಅಲ್ಲಿ ಬೆಂಕಿ ಹೆಚ್ಚಾಗಿ ರುಚಿ ಕೆಡುತ್ತದೆ.

ಮೂರನೆಯದು ಮೂಗು. ಹಚ್ಚುವ ಮೊದಲು ಮೂಸಬೇಕು. ಒಣಹುಲ್ಲು, ಹಳೇ ಮರ, ತೊಗಲು ಇಂಥ ವಾಸನೆಗಳನ್ನು ಪರಿಣತರು ಹೆಸರಿಸುತ್ತಾರೆ. ಮೂಗಿಗೆ ಚುಚ್ಚುವ ಅಮೋನಿಯಾ ಬಂದರೆ ರಾಶಿ ಹದವಾಗಿ ಹುದುಗಿಲ್ಲ ಎಂದರ್ಥ.

ನಾಲ್ಕನೆಯದು ಎಳೆತ ಮತ್ತು ರುಚಿ. ಸಿಗಾರನ್ನು ಮೂರು ಪಾಲು ಮಾಡಿ ಒಂದೊಂದು ಪಾಲಿಗೂ ಬೇರೆ ಬೇರೆ ಟಿಪ್ಪಣಿ ಬರೆಯುತ್ತಾರೆ. ಕೊನೆಯ ಪಾಲು ಯಾವಾಗಲೂ ಹೆಚ್ಚು ಖಾರ, ಹೆಚ್ಚು ಕಹಿ. ಮೊದಲೆರಡು ಪಾಲಿನ ಹೊಗೆಯಲ್ಲಿದ್ದ ಟಾರು, ನಿಕೋಟಿನ್ ಉಳಿದ ಎಲೆಯಲ್ಲಿ ಸೇರಿಕೊಳ್ಳುತ್ತ ಬಂದಿರುತ್ತದೆ.

ಐದನೆಯದು ಹೋಮ್ಸನ ಬೂದಿ. ಎಲೆಯಲ್ಲಿ ಪೊಟ್ಯಾಷ್ ಸಾಕಷ್ಟಿದ್ದರೆ ಸಿಗಾರ್ ಸಮವಾಗಿ ಉರಿಯುತ್ತದೆ. ಕ್ಲೋರೈಡ್ ಹೆಚ್ಚಾದರೆ ಪದೇ ಪದೇ ಆರಿಹೋಗುತ್ತದೆ. ಉಪ್ಪುನೀರಿನ ಬಾವಿಯಿಂದ ನೀರುಣಿಸಿದ ಹೊಲದ ಸೊಪ್ಪಿಗೆ ಈ ದೋಷ ಬರುತ್ತದೆ. ಹೊಲದ ಮಣ್ಣು, ಬಾವಿಯ ನೀರು ಎರಡೂ ಕೊನೆಗೆ ಬೂದಿಯಲ್ಲಿ ಮಾತಾಡುತ್ತವೆ.

1992ರಲ್ಲಿ ಅಮೆರಿಕದಲ್ಲಿ ಶುರುವಾದ ‘ಸಿಗಾರ್ ಅಫಿಶಿಯನಾಡೊ’ ಪತ್ರಿಕೆ ಇದನ್ನೆಲ್ಲ ನೂರು ಅಂಕದ ಪರೀಕ್ಷೆಯಾಗಿ ಮಾಡಿಬಿಟ್ಟಿತು. ಹೆಸರಿನ ಪಟ್ಟಿ ತೆಗೆದು, ಯಾರ ಮಾಲೆಂದು ಗೊತ್ತಾಗದ ಹಾಗೆ ಕೊಟ್ಟು, ಅಂಕ ಬರೆಸುವುದು. ನ್ಯಾಯವಾದ ಪದ್ಧತಿಯೇ. ಆದರೆ ಆ ನೂರರಲ್ಲಿ ಸುತ್ತಿದವರಿಗೆ ಏನು ಸಿಕ್ಕಿತು ಎಂಬುದಕ್ಕೆ ಅಂಕವಿಲ್ಲ. ಸೇದಿದವರಿಗೆ ಏನಾಯಿತು ಎಂಬುದಕ್ಕೂ ಇಲ್ಲ.

ಮೂಸಿ ನೋಡಿ ಬೆಲೆ ಹೇಳುವವರು

ಬಿಜಾಪುರದ ಆ ಬೆಳೆಗಾರನನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅವನ ಮುಂದಿನ ತಲೆಮಾರುಗಳ ಕಡೆಗೆ ಬರೋಣ. ಸಿಗಾರ್ ಸೇದುವವನ ಪರೀಕ್ಷೆ ಕೊನೆಯಲ್ಲಿ ಆಗುವಂಥದ್ದು. ಅದಕ್ಕೆ ಮೊದಲು ಸೊಪ್ಪಿಗೂ ಸುತ್ತಿದವರಿಗೂ ಹತ್ತಾರು ಪರೀಕ್ಷೆಗಳಾಗಿರುತ್ತವೆ. ಅಲ್ಲಿ ಸಿಗುವುದು ಅಂಕವಲ್ಲ, ಅನ್ನ.

ನಮ್ಮ ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿತ್ತು. ದಿಂಡಿಗಲ್ಲಿನಲ್ಲಿ ಚುಟ್ಟಾ ಸುತ್ತುತ್ತಿದ್ದ ಕಾಲದಲ್ಲೇ ಅದೇ ಪ್ರಾಂತ್ಯದ ಮಂಗಳೂರಿನಲ್ಲಿ ಬೀಡಿ ಉದ್ಯಮ ಬೆಳೆಯಿತು. ಮಂಗಳೂರು, ಕಾಸರಗೋಡು ಕಡೆಯ ಸಾವಿರಾರು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ದಾಗ ಅಲ್ಲಿ ಒಬ್ಬರು ಕಟ್ಟು ಬಿಚ್ಚಿ, ಕೈಯಾಡಿಸಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುತ್ತಾರೆ. ಎಸೆದದ್ದಕ್ಕೆ ಕೂಲಿಯಿಲ್ಲ. ಚುಟ್ಟಾ, ಬೀಡಿ ಎರಡನ್ನೂ ಸುತ್ತುವವರಿಗೆ ಸೇರಿಸಿ 1966ರಲ್ಲಿ ಸಂಸತ್ತು ‘ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ’ ಮಾಡಿತು. ಕೆಲಸದ ಗಂಟೆ, ರಜೆ, ಹೀಗೆ ಎಸೆಯುವುದಕ್ಕೆ ಮಿತಿ ಎಲ್ಲವೂ ಕಾನೂನಿನ ವ್ಯಾಪ್ತಿಗೆ ಬಂದವು. ಕಾಯ್ದೆ ಕೇರಳದಲ್ಲಿ ಜಾರಿಯಾಗುತ್ತಿದ್ದಂತೆ ಮಂಗಳೂರು ಮೂಲದ ಮಾಲೀಕರು ಕಣ್ಣೂರಿನ ಕಡೆಯ ಕೆಲಸ ನಿಲ್ಲಿಸಿದರು. ಕೆಲಸ ಕಳೆದುಕೊಂಡವರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿಕೊಂಡರು.

ಬೆಳೆಗಾರನ ಪಾಡು ಇನ್ನೊಂದು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿನ ದೊಡ್ಡ ಪೇಟೆ. ವ್ಯಾಪಾರಿ ಬಂದು ಸೊಪ್ಪನ್ನು ಮುಟ್ಟಿ, ಮೂಸಿ, ಒಂದು ದರ ಹೇಳುತ್ತಿದ್ದ. ಅದೇ ಕೊನೆಯ ಮಾತು. ಇದರ ವಿರುದ್ಧ 1981ರ ಮಾರ್ಚ್-ಏಪ್ರಿಲ್‌ನಲ್ಲಿ ಶರದ್ ಜೋಶಿಯವರ ನಾಯಕತ್ವದಲ್ಲಿ ರೈತರು ಹೆದ್ದಾರಿಯಲ್ಲಿ ಕೂತರು. ಪೊಲೀಸ್ ಗೋಲಿಬಾರಿನಲ್ಲಿ ಹಲವರು ಪ್ರಾಣ ಕಳೆದುಕೊಂಡರು. ತಮ್ಮ ಸೊಪ್ಪಿನ ಬೆಲೆಯಲ್ಲಿ ತಮಗೂ ಒಂದು ಮಾತಿರಲಿ ಎಂದು ಕೇಳಿದ್ದಕ್ಕೆ ತೆತ್ತ ಬೆಲೆ ಅದು. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವುದು ಸಿಗರೇಟಿನ ತಂಬಾಕು. ಅದಕ್ಕೆ ತಂಬಾಕು ಮಂಡಳಿ 1984ರಲ್ಲಿ ಕರ್ನಾಟಕದಲ್ಲಿ ಬಹಿರಂಗ ಹರಾಜು ಶುರುಮಾಡಿತು. ಅಲ್ಲಿ ಕಡೇಪಕ್ಷ ದರ ಕೂಗುವುದು ಎಲ್ಲರ ಕಿವಿಗೂ ಬೀಳುವ ಹಾಗಾಯಿತು.

ಹಕೀಮ ಮರಳಿ ಬಂದ

1604ರಲ್ಲಿ ಸೋತುಹೋದ ಹಕೀಮನ ಮಾತಿಗೆ ಪುರಾವೆ ಸಿಗಲು ಸುಮಾರು 350 ವರ್ಷ ಹಿಡಿಯಿತು. 1950ರಲ್ಲಿ ಬ್ರಿಟನ್ನಿನ ಡಾಲ್ ಮತ್ತು ಹಿಲ್ ಎಂಬ ಸಂಶೋಧಕರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಲೆಕ್ಕಾಚಾರದ ಸಮೇತ ತೋರಿಸಿದರು. ನಮ್ಮ ಚೆನ್ನೈಯಲ್ಲಿ ಕ್ಯಾನ್ಸರಿನಿಂದ ತಂಗಿಯನ್ನು ಕಳೆದುಕೊಂಡಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆಯನ್ನು ತೆರೆದರು. ದಕ್ಷಿಣದ ಎಷ್ಟೋ ಬಾಯಿಯ ಕ್ಯಾನ್ಸರ್ ರೋಗಿಗಳು ಮೊದಲು ಹತ್ತಿದ ಮೆಟ್ಟಿಲು ಅದು.

‘ಸಿಗಾರಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ, ಅದರಿಂದ ಏನಾಗದು’ ಎನ್ನುವವರಿದ್ದಾರೆ. ಸಿಗಾರಿನ ಹೊಗೆ ಕ್ಷಾರಗುಣದ್ದು. ಹಾಗಾಗಿ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ಎದೆಗೆ ಎಳೆಯದೇ ಇದ್ದರೂ ಬಾಯಿ, ಗಂಟಲು, ಅನ್ನನಾಳಗಳಿಗೆ ಅಪಾಯ ತಪ್ಪಿದ್ದಲ್ಲ ಎಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಸಿಗಾರಿನ ಮೇಲೆ ಒಂದು ಇಡೀ ಸಂಪುಟ ಪ್ರಕಟಿಸಿ ಹೇಳಿತು. ಆಂಧ್ರದ ಕರಾವಳಿಯ ಶ್ರೀಕಾಕುಳಂ, ವಿಶಾಖಪಟ್ಟಣದ ಹಳ್ಳಿಗಳಲ್ಲಿ ಹೆಂಗಸರು ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ರೂಢಿಯಿದೆ. ಅದಕ್ಕೆ ‘ಅಡ್ಡಪೊಗ’ ಎನ್ನುತ್ತಾರೆ. ಅವರ ಅಂಗುಳಿನಲ್ಲಿ ಏಳುವ ಹುಣ್ಣು, ಗಡ್ಡೆಗಳ ಮೇಲೆ ವೈದ್ಯರು ದಶಕಗಟ್ಟಲೆ ಅಧ್ಯಯನ ಮಾಡಿದ್ದಾರೆ. ಆ ಬಡ ಹೆಂಗಸರಿಗೆ ಲಿಮಿಟೆಡ್ ಎಡಿಷನ್ನಿನ ಸುದ್ದಿ ಗೊತ್ತಿಲ್ಲ. ಆದರೆ ಎಲೆಗೆ ಬಂಗಾರದ ಪಟ್ಟಿಯ ಭೇದವಿಲ್ಲ.

ಭಾರತದಲ್ಲಿ 2003ರ ಕಾಯ್ದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ದೇಶವ್ಯಾಪಿ ತಡೆ ಬಂತು. ಕೋಡಂಬಾಕ್ಕಂ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಕಾಲದಲ್ಲಿ ರೇಷ್ಮೆ ಗೌನು ತೊಟ್ಟ ಖಳನಾಯಕನ ಬಾಯಲ್ಲಿ ಸಿಗಾರ್ ಇದ್ದರೆ ಅವನು ಶ್ರೀಮಂತ, ದುಷ್ಟ ಎಂದು ಬೇರೆ ಹೇಳಬೇಕಿರಲಿಲ್ಲ. ಈಗ ಅಂಥ ದೃಶ್ಯದ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ. ಹಕೀಮನಿಗೆ ಅಂತೂ ಒಂದು ಸಾಲಿನ ಜಾಗ ಸಿಕ್ಕಿತು!

ಕೊನೆಗೆ

ಉರೈಯೂರಿನಲ್ಲಿ ಚುಟ್ಟಾ ಸುತ್ತುವವರು ಈಗ ಬೆರಳೆಣಿಕೆಯಷ್ಟು. ಮಕ್ಕಳು ಬೇರೆ ಕೆಲಸಗಳಿಗೆ ಹೋಗಿದ್ದಾರೆ. ಅದಕ್ಕಾಗಿ ಕೊರಗುವ ಅಗತ್ಯ ನನಗೆ ಕಾಣದು. ದಿನವಿಡೀ ತಂಬಾಕಿನ ದೂಳು ಕುಡಿಯುವ ಕೆಲಸವನ್ನು ಯಾವ ತಾಯಿಯೂ ಮಗಳಿಗೆ ಬಯಸುವುದಿಲ್ಲ. ಆದರೆ ಆ ಬೆರಳುಗಳಿಗೆ ಗೊತ್ತಿದ್ದ ಹದ, ರಾಶಿಯ ಕಾವನ್ನು ಕೈಯಿಟ್ಟೇ ಹೇಳುತ್ತಿದ್ದ ತಿಳಿವಳಿಕೆ ಎಲ್ಲೂ ದಾಖಲಾಗದೆ ಹೋಗುವುದು ಮಾತ್ರ ಸರಿಯಲ್ಲ. ಲಂಡನ್ನಿನ ಕಾಲ್ಪನಿಕ ಪತ್ತೇದಾರ ಬೂದಿಯ ಮೇಲೆ ಪ್ರಬಂಧ ಬರೆದ. ಆ ಬೂದಿ ಹಾಗೆ ಬೀಳುವಂತೆ ಸುತ್ತಿದವರ ಬಗ್ಗೆ ನಾವು ನಾಲ್ಕು ಸಾಲು ಬರೆದಿಡಬೇಡವೆ?

ಪತ್ರ ಬರೆದ ಹಿರಿಯರಿಗೆ ನನ್ನ ಸಲಹೆ ಇಷ್ಟೇ. ಕಣ್ಣು, ಬೆರಳು, ಮೂಗಿನ ಮೂರು ಪರೀಕ್ಷೆಗಳನ್ನು ಬೇಕಾದಷ್ಟು ಮಾಡಿ, ಅದರಲ್ಲೇ ಎಷ್ಟೋ ವಿಷಯ ತಿಳಿಯುತ್ತದೆ. ಉಳಿದೆರಡಕ್ಕೆ ಬೆಂಕಿ ಬೇಕು. ಕಡ್ಡಿ ಗೀರುವ ಮೊದಲು ಒಮ್ಮೆ ಆ ಹಕೀಮನನ್ನು ನೆನೆಯಿರಿ. ಕಂಠವನ್ನೇ ನಂಬಿ ಬದುಕುವ ನಮ್ಮಂಥವರು ಇದಕ್ಕಿಂತ ಬೇರೆ ಏನು ಹೇಳಿಯಾರು?

ಓದುಗರೇ, ನಿಮ್ಮ ಮನೆಯ ಅಟ್ಟದ ಮೇಲೆ ಸ್ಪೆನ್ಸರ್ಸ್ ಕಾಲದ ಮರದ ಚುಟ್ಟಾ ಪೆಟ್ಟಿಗೆ ಏನಾದರೂ ಉಳಿದಿದೆಯೇ? ಅಜ್ಜಿ ಅದರಲ್ಲಿ ಗುಂಡಿ, ಸೂಜಿ, ದಾರ ಇಡುತ್ತಿದ್ದರೇ? ನಿಮ್ಮ ಮನೆತನದಲ್ಲಿ ಯಾರಾದರೂ ಬೀಡಿ ಕಟ್ಟಿದ್ದರೇ, ಹೊಗೆಸೊಪ್ಪು ಬೆಳೆದಿದ್ದರೇ? ನಿಮ್ಮ ಸೀಮೆಯಲ್ಲಿ ಆ ಕೆಲಸದ ಒಂದೊಂದು ಹಂತಕ್ಕೂ ಯಾವ ಮಾತು ಬಳಸುತ್ತಿದ್ದರು? ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಬಂದ ಮಾತುಗಳನ್ನೆಲ್ಲ ಕೂಡಿಸಿ ಮುಂದಿನ ಒಂದು ಸಂಚಿಕೆಯಲ್ಲಿ ಹಾಕೋಣ. ಹಾಡಿನ ಕೋರಿಕೆಯನ್ನೂ ಜೊತೆಗೆ ಬರೆಯಲು ಮರೆಯಬೇಡಿ.